ಘಾಟಿಯಿಲ್ಲದ ಊರಿಗೆ ಘಾಟಿಯ ಗಿಯರ್

ಗಿಯರ್ ಎಣ್ಣೆಯ ನಾತ ಕೊಳೆತ ಮೊಟ್ಟೆಯ ನಾತಕ್ಕೆ ಹತ್ತಿರದ್ದು. ಕುವೈತಿನ ಸಾಲ್ಮಿಯಾದ ಆ ಸಣ್ಣ ಫ್ಲ್ಯಾಟಿನಲ್ಲಿ ಅದು ಪರದೆಗೂ ಹತ್ತಿತ್ತು, ಪ್ರೀಮಾಳ ನರ್ಸ್ ಯೂನಿಫಾರ್ಮಿಗೂ ಹತ್ತಿತ್ತು. ಆಸ್ಪತ್ರೆಯಲ್ಲಿ ಎಂತೆಂಥ ಗಾಯ ತೊಳೆದರೂ ಹೇಸದವಳಿಗೆ, ಗಂಡ ಕೊನ್ರಾಡ್ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟ ಹಲ್ಲಿನ ಚಕ್ರ ಕಂಡರೆ ಅಸಹ್ಯವಾಗುತ್ತಿತ್ತು.

ಕೊನ್ರಾಡ್ ಅರ್ದಿಯಾದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ವೀಸಾ ಕೊಟ್ಟ ಧಣಿ, ಕಫೀಲನ ಮಗನಿಗೆ ಬೇಜಾರು ಬಂದ ಎರಡು ಬಾಗಿಲಿನ ಹಳೆಯ ಅಮೆರಿಕನ್ ಕಾರನ್ನು ಎರಡು ಸಾವಿರದ ಐದರಲ್ಲಿ ಕೊಂಡಿದ್ದ. ಎಂಟು ಸಿಲಿಂಡರಿನ ಗಾಡಿ, ಸುಮ್ಮನೆ ಓಡಿಸಿಕೊಂಡಿರಬಹುದಿತ್ತು. ಆದರೆ ಸಿಗ್ನಲ್ ಹಸಿರಾದಾಗ ಪಕ್ಕದವನು ಮುಂದೆ ಹೋದರೆ ಈ ಮಹಾಶಯನ ಮುಖ ಹುಳ್ಳಗಾಗುತ್ತಿತ್ತು. ಹಿಂದಿನ ಆಕ್ಸಲಿನ ಗಿಯರ್ ಬದಲಿಸುವ ಹುಚ್ಚು ತಲೆಗೇರಿದ್ದು ಹಾಗೆ.

ಯಾವುದನ್ನು ಹಾಕುವುದೆಂಬ ಚರ್ಚೆ, ಅಲ್ಲಿ ರಜೆಯ ದಿನವಾದ ಶುಕ್ರವಾರದ ಕೊಂಕಣಿ ಪೂಜೆ ಮುಗಿದ ಮೇಲೆ ಇಗರ್ಜಿಯ ಪಾರ್ಕಿಂಗಿನಲ್ಲಿ ನಡೆಯಿತು. ಚಕ್ರ ಒಂದು ಸುತ್ತು ಬರಲು ಇಂಜಿನ್ನಿನ ಕಡೆಯ ಶಾಫ್ಟ್ ಎಷ್ಟು ಸುತ್ತಬೇಕು ಎಂಬುದಷ್ಟೇ ವಿಷಯ. ಕಡಿಮೆಯಾದರೆ ಹೈವೇಯಲ್ಲಿ ಇಂಜಿನ್ನಿಗೆ ಆರಾಮ. ಹೆಚ್ಚಾದರೆ ನಿಂತಲ್ಲಿಂದ ಒಳ್ಳೆಯ ಜಿಗಿತ, ಆಮೇಲೆ ಓಟದುದ್ದಕ್ಕೂ ಏದುಸಿರು.

“ಮೂರರ ಹತ್ತಿರದ್ದು ಸಾಕು ಮಾರಾಯ, ದಿನಾ ಓಡಿಸುವ ಗಾಡಿಯಲ್ವಾ?” ಎಂದ ಗೆಳೆಯ ಜೇಮ್ಸ್.

“ಎಂತದು ಮೂರು? ನಮ್ಮ ಪಪ್ಪ ಚಾರ್ಮಾಡಿ ಘಾಟಿಯಲ್ಲಿ ಬಸ್ ಹತ್ತಿಸಿದವರು. ಹೆವಿ ಗಿಯರ್ ಇಲ್ಲದಿದ್ರೆ ಅದು ಗಾಡಿಯೇ ಅಲ್ಲ ಅಂತಿದ್ರು. ನಾಲ್ಕು ಪಾಯಿಂಟ್ ಒಂದೇ ಹಾಕುವ!” ಎಂದ ಕೊನ್ರಾಡ್.

ಸುತ್ತ ನಿಂತವರೆಲ್ಲ ಘಟ್ಟದ ಬುಡದ ಗಂಡಸರು. ಹೌದೌದೆಂದು ತಲೆಯಾಡಿಸಿದರು. ಕುವೈತಿನಲ್ಲಿ ಏರು ಎಂದರೆ ಫ್ಲೈಓವರ್ ಮಾತ್ರ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಥೂ, ಇವರ ಬುದ್ಧಿಗಿಷ್ಟು!

ಆ ಕಾರಿನ ಹಿಂದಿನ ಸೀಟು ಹೆಲೆನಳದ್ದು. ಸಲ್ವಾದ ಮನೆಯೊಂದರಲ್ಲಿ ಕೆಲಸಕ್ಕಿದ್ದ ಬೆಳ್ಮಣ್ಣಿನ ಹುಡುಗಿ. ಪ್ರೀಮಾ ತಾನೇ ಬಂದು ಕರೆದೊಯ್ದು, ಮಧ್ಯಾಹ್ನದ ಅಡುಗೆಯ ಹೊತ್ತಿಗೆ ತಂದು ಬಿಡುವುದಾದರೆ ಮಾತ್ರ ಮನೆಯೊಡತಿ ಮೇಡಂ ಅವಳನ್ನು ಪೂಜೆಗೆ ಕಳಿಸುತ್ತಿದ್ದಳು. “ಈ ಶುಕ್ರವಾರ ಒಂದಿಲ್ಲದಿದ್ರೆ ನಂಗೆ ಹುಚ್ಚೇ ಹಿಡಿತಿತ್ತು, ಪ್ರೀಮಾಬಾಯಿ,” ಎನ್ನುತ್ತಿದ್ದಳು.

ಹೊಸ ಗಿಯರ್ ಹಾಕಿದ ಮೊದಲ ಶುಕ್ರವಾರ ಕಾರು ಪ್ರತಿ ಸಿಗ್ನಲಿನಲ್ಲೂ ಜಿಗಿಯಿತು, ಕೊನ್ರಾಡ್ ಪ್ರತಿ ಸಲವೂ ಹಲ್ಲು ಕಿರಿದ. ಪೂಜೆ ಮುಗಿಸಿ ವಾಪಸು ಬರುವಾಗ ಹೈವೇಯಲ್ಲಿ ಇಂಜಿನ್ ಕಿರುಚತೊಡಗಿತು. ಆಗಸ್ಟಿನ ಬಿಸಿಲು ಬೇರೆ. ಬಾನೆಟ್ಟಿನಿಂದ ಆವಿ ಎದ್ದು ಗಾಡಿ ನಿಂತಿತು.

“ಹೆಲೆನಳಿಗೆ ಟ್ಯಾಕ್ಸಿ ಹಿಡಿಯುವ,” ಎಂದಳು ಪ್ರೀಮಾ.

“ಈಗ ತಣಿತದೆ ಮಾರಾಯ್ತಿ, ಐದು ನಿಮಿಷ!”

ಮಸೀದಿಯ ಮಧ್ಯಾಹ್ನದ ಬಾಂಗ್ ಕೇಳಿಸಿ ಎಷ್ಟೋ ಹೊತ್ತಾದರೂ ಅವನ ಐದು ನಿಮಿಷ ಮುಗಿಯಲಿಲ್ಲ. ಸಲ್ವಾ ಮುಟ್ಟಿದಾಗ ಮೇಡಂ ಗೇಟಿನಲ್ಲೇ ನಿಂತಿದ್ದಳು. “ಖಲಾಸ್,” ಎಂದವಳೇ ಹೆಲೆನಳನ್ನು ಒಳಗೆ ಕಳಿಸಿದಳು. ಇನ್ನು ಮೇಲೆ ಪೂಜೆಯಿಲ್ಲ.

ಪ್ರೀಮಾಳಿಗೆ ಬರುತ್ತಿದ್ದದ್ದು ವಾರ್ಡಿನ ಅರಬಿ ಮಾತ್ರ: ಎಲ್ಲಿ ನೋವು, ಬಾಯಿ ತೆರೆಯಿರಿ. ಕೊನ್ರಾಡ್ ಆ ಭಾಷೆಯಲ್ಲಿ ಪಟಪಟ ಮಾತಾಡುತ್ತಿದ್ದ. “ತಪ್ಪು ನಮ್ಮದು, ಹುಡುಗಿಯದ್ದಲ್ಲ ಅಂತ ಮೇಡಂಗೆ ನೀವೇ ಹೇಳಿ. ಬೇರೆ ಎಂತದೂ ಬೇಡ,” ಎಂದು ಪ್ರೀಮಾ ವಾರವಿಡೀ ಹೇಳಿ, ಮುಂದಿನ ಶುಕ್ರವಾರ ಬೆಳಿಗ್ಗೆ ಅವನನ್ನು ಸಲ್ವಾಕ್ಕೆ ಎಳೆದುಕೊಂಡು ಬಂದಳು.

ಗೇಟು ತೆರೆದವನು ಮೇಡಂನ ದೊಡ್ಡ ಮಗ. ಕಾರು ಕಂಡದ್ದೇ ಅವನ ಕಣ್ಣರಳಿತು. ಏನೋ ಕೇಳಿದ. ಕೊನ್ರಾಡನ ಬಾಯಿಯೂ ತೆರೆಯಿತು, ಬಾನೆಟ್ಟೂ ತೆರೆಯಿತು. ಮೇಡಂ ಬಾಗಿಲಿಗೆ ಬಂದಳು. ಬಂದವರಿಗೆ ಏನು ಬೇಕೆಂದು ಕಾದು ನೋಡಿದಳು.

“ಕೊನ್ರಾಡ್! ಅವರು ಬಂದ್ರು!”

“ಹಾಂ, ಒಂದು ನಿಮಿಷ,” ಎಂದ, ತಲೆ ಬಾನೆಟ್ಟಿನೊಳಗೇ ಇತ್ತು. “ಮೇಡಂ, ಹೆಲೆನ್...” ಎಂದ ಪ್ರೀಮಾಳಿಗೆ ಮುಂದಿನ ಮಾತು ಅರಬಿಯಲ್ಲಿ ಬರಲಿಲ್ಲ. ಮೇಡಂ ಬಾಗಿಲು ಹಾಕಿಕೊಂಡಳು. ಕಟ್ಟಿಕೊಂಡ ಗಂಡನ ಕುತ್ತಿಗೆಯ ಬೆವರು ನೋಡಿ ಪ್ರೀಮಾಳಿಗೆ ಹೇಸಿಗೆಯಾಯಿತು; ಹೋಗಿ ಕಾರಿನಲ್ಲಿ ಕೂತಳು.

ಕೊನೆಗೂ ಅವನು ಕೈ ಒರೆಸಿಕೊಂಡು ಬಂದು ಕೂತ. “ನೋಡಿದಿಯಾ, ಅವನೂ ಇದೇ ಗಿಯರ್ ಹಾಕಿಸ್ತಾನಂತೆ!”

“ಹೆಲೆನಳ ವಿಷಯ?”

“ಹೋ... ಅದು ಬರುವ ವಾರ ಹೇಳುವ,” ಎಂದು ಕೀಲಿ ತಿರುಗಿಸಿದ.

ಮೇಲಿನ ಅಡುಗೆಮನೆಯ ಕಿಟಕಿಯಲ್ಲಿ, ಪೂಜೆಗೆಂದು ತಯಾರಾಗಿ ನಿಂತಿದ್ದ ಹೆಲೆನ್ ತಲೆಯ ಮೇಲಿನ ಬಿಳಿ ವಸ್ತ್ರ ತೆಗೆದು ಮಡಚುತ್ತಿದ್ದಳು.