ಹತ್ತನೆಯ ಗಂಡಸು

ಹತ್ತು ಜನ ಗಂಡಸರು. ಬೇಕಾಗಿದ್ದದ್ದು ಅಷ್ಟೇ. ಬೈಲಹೊಂಗಲದ ಪೇಟೆಯಲ್ಲಿ ಯಾವುದಾದರೂ ಚಹಾದಂಗಡಿ ಮುಂದೆ ನಿಂತು ಕರೆದರೆ ಇಪ್ಪತ್ತು ಜನ ಬರುತ್ತಾರೆ. ಆದರೆ ನಮಗೆ ಬೇಕಾದವರು ಹದಿಮೂರು ದಾಟಿದ ಯೆಹೂದಿ ಗಂಡಸರು. ಅಪ್ಪ ತೀರಿಕೊಂಡ ಮೇಲೆ ಈ ಊರಲ್ಲಿ ಅಂಥವನೆಂದರೆ ನನ್ನ ತಮ್ಮ ಒಬ್ಬನೇ.

ಹತ್ತಿ ಮಿಲ್ಲಿನ ಮೆಕ್ಯಾನಿಕ್ ಆಗಿ ಪುಣೆಯಿಂದ ಬಂದ ಅಪ್ಪ ಇಲ್ಲೇ ಉಳಿದರು. ನಲವತ್ತು ವರ್ಷ ಒಬ್ಬರೇ ಕುಳಿತು ಪ್ರಾರ್ಥನೆ ಮಾಡಿದರು. ನಮ್ಮಲ್ಲಿ ಪ್ರಾರ್ಥನೆಯ ಕೆಲವು ಭಾಗಗಳನ್ನು ಒಬ್ಬರೇ ಹೇಳುವಂತಿಲ್ಲ. ಸತ್ತವರ ಹೆಸರಿನಲ್ಲಿ ಮಗ ಹೇಳುವ ಕದ್ದೀಶ್ ಅಂತೂ ಹತ್ತು ಜನ ಕೂಡದೆ ಸಲ್ಲುವುದೇ ಇಲ್ಲ. ತಮ್ಮ ತಾಯಿಯ ವರ್ಷದ ದಿನವೂ ಅಪ್ಪ ಸುಮ್ಮನೆ ದೀಪ ಹಚ್ಚಿ ಕೂರುತ್ತಿದ್ದರು. ಸಾಯುವ ಮುಂಚೆ ಅವರು ಕೇಳಿದ್ದು ಒಂದೇ: "ನನ್ನ ವರ್ಷದ ದಿನ ಈ ಮನ್ಯಾಗ ಹತ್ತ ಮಂದೀನ ಕೂಡಸ್ರಿ. ಒಂದ ಸಲ ಸಾಕು."

ಅದಕ್ಕಾಗಿ ಮೂರು ತಿಂಗಳು ಫೋನು ಹಚ್ಚಿ ಹಚ್ಚಿ ಸಾಕುಸಾಕಾಯಿತು. ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ರಜೆಯಿಲ್ಲ, ಇನ್ನೊಬ್ಬರಿಗೆ ಬೈಲಹೊಂಗಲ ಎಲ್ಲಿದೆ ಎಂದೇ ಗೊತ್ತಿಲ್ಲ. ಕೊನೆಗೆ ದೊಡ್ಡಪ್ಪ ಪುಣೆಯಿಂದ ಟೆಂಪೋದಲ್ಲಿ ಏಳು ಜನರನ್ನು ಕರೆತಂದರು. ಅವರು ಎಂಟು, ತಮ್ಮ ಒಂಬತ್ತು. ಹತ್ತನೆಯವನು ರಾಮದುರ್ಗದ ಕಡೆ ಗಾಳಿಯಂತ್ರ ರಿಪೇರಿ ಮಾಡುವ ನನ್ನ ಸೋದರತ್ತೆಯ ಮಗ. ಹನ್ನೆರಡಕ್ಕೇ ಬರುತ್ತೇನೆಂದಿದ್ದ ಪುಣ್ಯಾತ್ಮ ಮೂರಕ್ಕೆ ಮುನವಳ್ಳಿ ದಾಟಿದ. ನಾಲ್ಕೂವರೆಗೆ ಅವನ ಫೋನು: "ಅಕ್ಕಾ, ಮುರಗೋಡದಾಗ ಸಿಕ್ಕೊಂಡೇನಿ. ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ ಆಗೇತಿ, ಬಸ್ಸು ಮುಂದಕ್ಕ ಹೋಗವಲ್ದು."

ನಮ್ಮ ಪಂಚಾಂಗದಲ್ಲಿ ಸೂರ್ಯ ಮುಳುಗಿದರೆ ದಿನವೇ ಮುಗಿಯಿತು. ಆಮೇಲೆ ಅದು ಅಪ್ಪನ ದಿನವಲ್ಲ. "ಮುಂಜಾನೆನ ಹೊರಡಾಕ ನಿನಗೇನ ಧಾಡಿ ಆಗಿತ್ತೋ?" ಎಂದು ಫೋನಿನಲ್ಲೇ ಅವನನ್ನು ಬೈದೆ.

ಅಷ್ಟರಲ್ಲಿ ಪಕ್ಕದ ಮನೆಯ ಕಾಕಾ ಬಂದರು. ಅವರು ಅಪ್ಪನ ಗೆಳೆಯರು, ಅಪ್ಪನಿಗೆ ಮೊದಲು ಹೆಗಲು ಕೊಟ್ಟವರು. ಜಳಕ ಮಾಡಿ, ಬಿಳಿ ಟೋಪಿ ಹಾಕಿಕೊಂಡು, ಗಂಡಸರ ಸಾಲಿನ ಕೊನೆಗೆ ಕುಳಿತೇ ಬಿಟ್ಟರು. ನಮ್ಮಲ್ಲಿ ಮಂದಿಯನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಹತ್ತು ಪದಗಳ ಒಂದು ಸಾಲು ಇದೆ, ಒಬ್ಬೊಬ್ಬರ ಮುಂದೆ ಒಂದೊಂದು ಪದ ಹೇಳುತ್ತ ಹೋಗುವುದು. ದೊಡ್ಡಪ್ಪ ಹಾಗೇ ಹೇಳುತ್ತ ಬಂದರು. ಹತ್ತನೆಯ ಪದ ಕಾಕಾನ ಮುಂದೆ ಬಿತ್ತು. ದೊಡ್ಡಪ್ಪನ ಮುಖ ಅರಳಿತು. ಆಮೇಲೆ ಬಗ್ಗಿ ನೋಡಿದರು. ಟೋಪಿಯ ಕೆಳಗೆ ಮೂರು ಬೆರಳ ವಿಭೂತಿ.

ಇವರು ಯಾರೆಂದು ಮರಾಠಿಯಲ್ಲಿ ಕೇಳಿದರು. ಹೇಳಿದೆ. ಕೂರಲಿ, ಬೇಡವೆನ್ನುವುದಿಲ್ಲ, ಆದರೆ ಎಣಿಕೆಗೆ ಬರುವುದಿಲ್ಲ ಎಂದರು.

ನನಗೆ ತಲೆ ಕೆಟ್ಟುಹೋಯಿತು. ಇಷ್ಟು ವರ್ಷ ಎಣಿಕೆಗೆ ಬರುವ ನೀವೆಲ್ಲ ಎಲ್ಲಿದ್ದಿರಿ, ಅಪ್ಪ ಬಚ್ಚಲಲ್ಲಿ ಬಿದ್ದಾಗ ಎತ್ತಿಕೊಂಡು ಓಡಿದ್ದು ಯಾರು ಎಂದು ಹಿರಿಯರೆನ್ನದೆ ಕೇಳಿಯೇಬಿಟ್ಟೆ. "ನಿಯಮ ನಾನು ಮಾಡಿದ್ದಲ್ಲ ಮಗಳೇ" ಎಂದರು ದೊಡ್ಡಪ್ಪ. ಸತ್ತದ್ದು ಅವರ ತಮ್ಮ.

ಕಾಕಾನಿಗೆ ಮರಾಠಿ ತಿಳಿಯುತ್ತದೆ. ತಾವೇ ಎದ್ದರು. "ಹೋಗ್ಲಿ ಬಿಡವಾ, ಯಾಕ ಸಿಟ್ಟಿಗೇಳ್ತಿ? ನಾವೂ ರಾಶಿ ಅಳೆಯೂವಾಗ ಒಂದ ಅನ್ನೂದಿಲ್ಲ, ಲಾಭ ಅಂತೇವಿ. ಯಾಕಂತ ಯಾರಿಗ್ಗೊತ್ತ? ಆ ಹುಡುಗ ಎಲ್ಲಿ ಅದಾನಂದಿ, ಮುರಗೋಡದಾಗ?" ಎಂದವರೇ ಮೋಟರ್‌ಸೈಕಲ್ ಹತ್ತಿ ಹೋದರು.

ಆರಕ್ಕೆ ಹತ್ತು ನಿಮಿಷ ಇದ್ದಾಗ ಬಂದರು. ಹಿಂದೆ ಕುಳಿತಿದ್ದ ಹುಡುಗನ ರೆಪ್ಪೆಯೆಲ್ಲ ಧೂಳು. ಕಾಲುದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ ನುಗ್ಗಿಸಿಕೊಂಡು ಬಂದಿದ್ದರಂತೆ. ಅವನು ಕೈ ತೊಳೆದು ಒಳಗೆ ಓಡಿದ. ಕಾಕಾ ಹೊರಗೆ ಕಟ್ಟೆಯ ಮೇಲೆ ಕುಳಿತರು.

ತಮ್ಮನಿಗೆ ಕದ್ದೀಶ್ ಬರುತ್ತಿರಲಿಲ್ಲ. ವಾರಗಟ್ಟಲೆ ಕೂರಿಸಿ, ಬೈದು, ಬಾಯಿಪಾಠ ಮಾಡಿಸಿದವಳು ನಾನು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ಹೇಳುವ ಒಂದೊಂದು ಪದವನ್ನೂ ತುಟಿಯೊಳಗೇ ಹೇಳಿದೆ. ಒಂದು ಕಡೆಯೂ ಎಡವಲಿಲ್ಲ. ಒಂಬತ್ತು ಗಂಟಲು ಒಟ್ಟಿಗೆ "ಆಮೇನ್" ಎಂದವು. ಈ ಮನೆಯಲ್ಲಿ ಅಂಥ ಸದ್ದು ನಾನು ಕೇಳಿದ್ದೇ ಇರಲಿಲ್ಲ. ಅಪ್ಪ ಕೇಳಿದ್ದು ನಡೆಯಿತು.

ಆಮೇಲೆ ಕಾಕಾನಿಗೆ ಚಹಾ ಒಯ್ದೆ. "ಕಾಕಾ, ನಿಮ್ಮನ್ನ ಎಣಿಕಿಗೆ ಹಿಡೀಲಿಲ್ಲಂತ ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ" ಎಂದೆ.

ಅವರು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತ ಹೇಳಿದರು: "ನಂದ ಬಿಡವಾ, ನಾ ಹೊರಗಿನಂವ. ನೀ ಅವನ ಮಗಳಲ್ಲೇನು? ನಿನ್ನ್ಯಾಕ ಎಣಸಲಿಲ್ಲ?"

ಮಧ್ಯಾಹ್ನದಿಂದ ಎಲ್ಲರ ಮೇಲೂ ಹಾರಾಡಿದವಳು ಅವರ ಪಕ್ಕ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ.