ತಟ್ಟಿಯ ಮೇಲೆ ಬಾರದ ಹೂವು

ಅರವತ್ತರ ದಶಕದ ಮೊದಲಲ್ಲಿ ನಾವು ಹಳಿಯಾಳದ ಹಳ್ಳಿಯಿಂದ ದಾಂಡೇಲಿಗೆ ಬಂದೆವು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಬಿದಿರಿನ ತಟ್ಟಿಯೊಂದೇ. ಆಚೆ ಇದ್ದವರನ್ನು ನಾನು ಚಾಚಿ ಎನ್ನುತ್ತಿದ್ದೆ. ಅವರ ಗಂಡ ಕಾಗದದ ಮಿಲ್ಲಿನಲ್ಲಿ ಮೆಕ್ಯಾನಿಕ್. ಗೋಷಾದಲ್ಲಿದ್ದ ಚಾಚಿ ಹೊಸ್ತಿಲು ದಾಟುತ್ತಿರಲಿಲ್ಲ. ಅವ್ವನೊಂದಿಗೆ ಮಾತೆಲ್ಲ ತಟ್ಟಿಯ ಆಚೆಯಿಂದಲೇ.

ದೀಪಾವಳಿ ಮುಗಿದ ವಾರ ಸಣ್ಣ ಬಟ್ಟೆಯ ಗಂಟೊಂದು ತಟ್ಟಿಯ ಮೇಲಿಂದ ಬಂತು. ಒಳಗೆ ಚಪ್ಪಟೆ ಬೀಜ.

"ನಮ್ಮ ಅಮ್ಮಾನ ಅಂಗಳದ್ದು ಅಕ್ಕಾ. ಆಕಿ ಹೋಗಿ ವರ್ಷ ಆತು. ನಮ್ಮ ಕಡೆ ಬಿಸಿಲ ಬೀಳೂದಿಲ್ಲ, ನೀವು ಹಾಕ್ರಿ. ಆಳೆತ್ತರ ಬೆಳಿತೈತಿ. ತಟ್ಟಿ ಮ್ಯಾಲೆ ಹೂ ಬಂದ್ರ ನಾ ಇಲ್ಲಿಂದನ ನೋಡ್ತೇನಿ."

ಅವ್ವ ಬೀಜಗಳನ್ನು ತಟ್ಟಿಯ ಬುಡಕ್ಕೇ ಊರಿದಳು. ಅದು ಹಾಲಿಹಾಕ್ ಎಂಬ ಹೂಗಿಡ ಎಂದು ನಮ್ಮ ಮಾಸ್ತರರು ಹೇಳಿದರು. ಪ್ರತಿ ರವಿವಾರ ಗಿಡಗಳ ಎತ್ತರ ಅಳೆದು ದಿನಚರಿಯಲ್ಲಿ ಬರೆಯುತ್ತಿದ್ದೆ. ಚಾಚಿ ಕೇಳುತ್ತಿದ್ದರು, "ಎಲ್ಲಿತನಕ ಬಂತು ಮಗಾ?"

ಸಂಕ್ರಾಂತಿಯ ನಂತರದ ರವಿವಾರ ಎತ್ತರ ಕಡಿಮೆಯಾಗಿತ್ತು. ತಪ್ಪಿ ಅಳೆದೆನೆಂದು ಮತ್ತೆ ಅಳೆದೆ.

"ಕುಡಿ ನಾನ ಚಿವುಟೇನಿ," ಎಂದಳು ಅವ್ವ. "ಸೇವಂತಿಗಿ ಚಿವುಟೂದಿಲ್ಲೇನು? ಬಿಟ್ರ ಒಂಟಿಗಾಲ ಕೊಕ್ಕರಿ ಆಗ್ತೈತಿ."

ಊರಿನ ಹೊಲದಲ್ಲಿ ಅವಳು ಕಲಿತದ್ದು ಅದೇ. ಕವಲುಗಳೇನೋ ಒಡೆದವು, ಆದರೆ ಶಿವರಾತ್ರಿಯ ಹೊತ್ತಿಗೆ ಕೆಂಪು, ಗುಲಾಬಿ ಬಣ್ಣದ ಹೂಗಳು ಅರಳಿದ್ದು ನನ್ನ ಸೊಂಟದ ಎತ್ತರದಲ್ಲಿ. ಅವ್ವ ತಟ್ಟಿಯ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು.

"ಇರ್ಲಿ ಬಿಡ್ರಿ ಅಕ್ಕಾ. ಬಿಟ್ಟಾವಲ್ಲ, ಸಾಕು," ಎಂದರು ಚಾಚಿ. ಅವರ ಬಳೆಯ ಸದ್ದು ಒಳಮನೆಗೆ ಹೋಯಿತು.

ಅಂದು ಅವ್ವನಿಗೆ ಊಟ ಸೇರಲಿಲ್ಲ. ತಟ್ಟೆ ಸರಿಸಿ ಕುಡಗೋಲು ತಂದು, ಹೂಗಳ ಎತ್ತರಕ್ಕೆ ಸರಿಯಾಗಿ ತಟ್ಟಿಯಲ್ಲೇ ಒಂದು ಕಿಂಡಿ ಕೊಯ್ದಳು.

"ಅಯ್ಯ, ಏನ್ ಮಾಡಿದ್ರಿ! ನಮ್ಮ ಮನಿಯವರು ಬೈತಾರ!"

"ಬೈದ್ರ ನನಗ ಬೈಲಿ. ನೀ ಕುಂದರ ತಂಗಿ."

ಚಾಚಿ ಮಣೆ ತಂದು ಕೂತರು. ಕಿಂಡಿಯಿಂದ ಕೈ ಚಾಚಿ ಒಂದು ಗುಲಾಬಿ ಬಣ್ಣದ ಹೂವಿನ ಅಡಿಗೆ ಅಂಗೈ ಹಿಡಿದರು. "ಅಮ್ಮಾನ ಅಂಗಳದಾಗ ಇದ ಬಣ್ಣ ಅಕ್ಕಾ. ಇದಽ."

ಸಂಜೆ ಆಚೆ ಚಾಚಿಯ ಗಂಡ ಸೈಕಲ್ ನಿಲ್ಲಿಸಿದ ಸದ್ದು ಕೇಳಿತು. ಅವ್ವ ಕಿಂಡಿಯ ಹತ್ತಿರ ಬಂದು ನಿಂತಳು.

"ಯಾರ್ ಮಾಡಿದ್ದು ಈ ಕೆಲಸ?"

"ನಾನ ರೀ," ಎಂದಳು ಅವ್ವ.

ಅವರು ಹೂಗಳನ್ನೂ ಹೆಂಡತಿಯನ್ನೂ ನೋಡಿದರು. "ಕೊಯ್ಯೂದು ಹಿಂಗೇನ್ರಿ ಅಕ್ಕಾರ? ಬಿದಿರ ಸಿಬರ ಚುಚ್ಚತೈತಿ ಆಕಿ ಕೈಗೆ," ಎಂದು ಇಕ್ಕಳ, ತಂತಿ ತಂದು ಕಿಂಡಿಯ ನಾಲ್ಕೂ ಅಂಚು ಬಿಗಿದರು.

ಮರುದಿನ ಬೆಳಿಗ್ಗೆ ನಾನು ಗಟ್ಟಿಯಾಗಿ ಹೂ ಎಣಿಸುತ್ತಿದ್ದೆ. ಕಿಂಡಿಯ ಆಚೆಯಿಂದ ಚಾಚಿ ತಿದ್ದಿದರು:

"ಇನ್ನೊಂದೈತಿ ಮಗಾ. ಅದು ನನ್ನ ಕಡೆ ಮುಖ ಮಾಡೈತಿ."