ಬಿಳಿ ಚೆಂಡಿನ ಮೇಲೆ ಹನ್ನೊಂದು ಹೆಸರು

ಆ ಭಾನುವಾರ ಏನೇನು ಕೆಡಬಹುದು ಎಂಬ ಪಟ್ಟಿ ಶುಕ್ರವಾರವೇ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಮಳೆ ಬಂದು ಮೈದಾನ ಕೆಸರಾಗಬಹುದು. ಮಳೆ ಬಾರದೆ ಬಿಸಿಲಿಗೆ ಗೋಲ್‌ಕೀಪರನಿಗೆ ಪಿತ್ತ ಕೆದರಬಹುದು. ದೇಹೂ ರೋಡಿನಿಂದ ಬರುವ ಎದುರು ತಂಡದವರು ರೈಲು ತಪ್ಪಿಸಿಕೊಳ್ಳಬಹುದು. ಇಲ್ಲವೇ ಬಂಧುಬಳಗ ಸಮೇತ ಬಂದು ಚಹಾ ಸಾಲದಾಗಬಹುದು. ಚೆಂಡಿನ ಹೊಲಿಗೆ ಬಿಚ್ಚಬಹುದು. ದೇಶ ಎರಡಾಗುತ್ತಿದ್ದ ವರ್ಷ ಅದು. ಹನ್ನೊಂದು ಮಂದಿ ಗಂಡಸರು ಕೈಯಲ್ಲಿ ಕೋಲು ಹಿಡಿದು ಪುಣೆ ಪಕ್ಕದ ಖಡಕಿ ಬಜಾರಿನಲ್ಲಿ ಸಾಲಾಗಿ ನಡೆದರೆ, ಇದು ಹಾಕಿ ಎಂದು ಪೊಲೀಸರು ನಂಬದೆ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಬಲ ಅಂಚಿನಲ್ಲಿ ಆಡುವ ನಮ್ಮ ರೈಟ್ ಔಟ್ ಬಾರದೇ ಹೋಗಬಹುದು. ಅದು ಅವನ ಕೊನೆಯ ಆಟವಾಗಿತ್ತು.

ನಾನು ಕ್ಲಬ್ಬಿನ ಸೆಕ್ರೆಟರಿ. ಆಟ ಚೆನ್ನಾಗಿ ಬರುತ್ತಿತ್ತೆಂದಲ್ಲ, ಚಿಂತೆ ಚೆನ್ನಾಗಿ ಬರುತ್ತಿತ್ತೆಂದು ಆರಿಸಿದ್ದರು. "ನೀವು ಎಲ್ಲಾರ ಪಾಲಿಂದೂ ಚಿಂತಿ ಮಾಡ್ತೀರಿ, ಅವ್ರು ಆರಾಮ ಆಡ್ತಾರ," ಎನ್ನುತ್ತಿದ್ದಳು ಹೆಂಡತಿ. ನಾನು ಮಣ್ಣಾಗಿ ಮನೆಗೆ ಬಂದರೆ, "ಮುಗೀತೇನ್ರಿ ಕೋಲಾಟ? ಬಚ್ಚಲದಾಗ ನೀರು ಅದಾವ," ಎಂದು ಕೂಗುವವಳೂ ಅವಳೇ.

ಕ್ಲಬ್ಬನ್ನು ಹುಟ್ಟಿಸಿದವರು ಧಾರವಾಡ, ಬೆಳಗಾವಿ ಕಡೆಯಿಂದ ಖಡಕಿಯ ಕಚೇರಿಗಳಿಗೆ ಬಂದ ಹಿಂದಿನ ತಲೆಮಾರಿನ ಗುಮಾಸ್ತರು. ಗೋರಾ ಸಿಪಾಯಿಗಳು ಮುರಿದು ಎಸೆದ ಸ್ಟಿಕ್ಕುಗಳನ್ನು ಆರಿಸಿ ತಂದು, ಚಮ್ಮಾರನಿಂದ ದಾರ ಸುತ್ತಿಸಿ, ಧೋತರದ ಕಚ್ಚೆ ಬಿಗಿದು ಆಡಲು ಶುರುಮಾಡಿದ್ದರಂತೆ. ಅವರಲ್ಲಿ ಉಳಿದಿದ್ದವರು ಒಬ್ಬರೇ. ನಮ್ಮ ಕಾಲಕ್ಕೆ ಅವರು ಸೀಟಿ ಊದುವ ಅಜ್ಜ. ಆಮೇಲೆ ಮರಾಠಿಯವರು, ಗೋವಾದವರು ಸೇರಿಕೊಂಡರು. ಆದರೆ ಮೈದಾನದ ಭಾಷೆ ಮಾತ್ರ ಕನ್ನಡವೇ. ಎದುರಿನವರಿಗೆ ತಿಳಿಯಬಾರದಲ್ಲ! ಹೊರಗೆ ಒಂದಕ್ಷರ ಕನ್ನಡ ಬಾರದ ನಮ್ಮ ಮರಾಠಿ ಸೆಂಟರ್ ಹಾಫ್, ಒಳಗೆ ಬಂದರೆ "ಕೊಡೋ! ಬಿಡೋ! ಹಿಂದ ಅದಾನೋ!" ಎಂದು ಹುಬ್ಬಳ್ಳಿಯಲ್ಲೇ ಹುಟ್ಟಿದವನಂತೆ ಅರಚುತ್ತಿದ್ದ.

ರೈಟ್ ಔಟ್ ಬೆಳಗಾವಿಯವನು. ಕಚೇರಿಯಲ್ಲಿ ನನ್ನ ಪಕ್ಕದ ಮೇಜು, ಮೈದಾನದಲ್ಲಿ ನನ್ನ ಪಕ್ಕದ ಜಾಗ. ಮನೆಯಲ್ಲಿ ಉರ್ದು, ನನ್ನೊಡನೆ ಕನ್ನಡ. ಸರ್ಕಾರಿ ನೌಕರರು ಯಾವ ದೇಶದಲ್ಲಿ ಇರುತ್ತೀರಿ ಎಂದು ಬರೆದುಕೊಡಬೇಕೆಂಬ ಕಾಗದ ಬಂದಾಗ ಅವನು ಅದನ್ನು ಮೂರು ದಿನ ಮೇಜಿನ ಮೇಲೆ ಮಗುಚಿಟ್ಟಿದ್ದ. ನಾಲ್ಕನೆಯ ದಿನ ಕರಾಚಿ ಎಂದು ಬರೆದ. ಅಣ್ಣಂದಿರು ಹೊರಟಿದ್ದರು, ತಾಯಿ ಅವರ ಜೊತೆ.

"ನನಗ ಬೇರೆ ಏನೂ ಕೊಡಬ್ಯಾಡ್ರಿ. ಚೆಂಡು ಒಂದು ಕೊಡ್ರಿ," ಎಂದ, ಕ್ಲಬ್ಬಿನಲ್ಲಿ ಬೀಳ್ಕೊಡುಗೆಯ ಮಾತು ಬಂದಾಗ.

ಅದು ನಮ್ಮ ಪದ್ಧತಿ. ವರ್ಗವಾಗಿ ಹೋಗುವವನಿಗೆ ಅವನ ಕೊನೆಯ ಆಟದ ಚೆಂಡನ್ನು ತೊಳೆದು, ಬಿಳಿಮಣ್ಣು ಬಳಿದು, ಒಣಗಿದ ಮೇಲೆ ಎಲ್ಲರೂ ಹೆಸರು ಬರೆದು ಕೊಡುವುದು.

"ಅಲ್ಲಿ ನನ್ನ ಗುರುತಿನವರು ಯಾರೂ ಇರೂದಿಲ್ಲೋ," ಎಂದ ಆಮೇಲೆ, ನನಗೊಬ್ಬನಿಗೇ ಕೇಳುವಂತೆ. "ನಾನೂ ಹನ್ನೊಂದು ಮಂದಿಯೊಳಗ ಒಬ್ಬ ಇದ್ದೆ ಅಂತ ಹೇಳಿದ್ರ ಯಾರು ನಂಬ್ತಾರ? ಹೆಸರು ಓದಿ ತೋರಸ್ತೀನಿ."

ಭಾನುವಾರ ಮಳೆ ಬರಲಿಲ್ಲ. ಪೊಲೀಸನೊಬ್ಬ ನಮ್ಮನ್ನು ತಡೆದದ್ದು ನಿಜ. ಅವನಿಗೆ ಬೇಕಾಗಿದ್ದು ಆಟ ಎಷ್ಟು ಗಂಟೆಗೆ ಎಂಬುದು. ಅವನೂ ಬಂದು ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತ. ರೈಟ್ ಔಟ್ ಎಂದಿನಂತೆ ಅಂಚಿನ ಗೆರೆ ಹಿಡಿದು ಓಡಿ, ಇಬ್ಬರನ್ನು ದಾಟಿ, ಖಾಲಿ ಗೋಲಿನ ಮುಂದೆ ಚೆಂಡನ್ನು ನನ್ನ ಕಾಲ ಬುಡಕ್ಕೆ ತಂದಿಟ್ಟ. ನಾನು ಗಾಳಿಗೆ ಹೊಡೆದೆ.

"ಸೆಕ್ರೆಟರಿ ಸಾಹೇಬರು ವಿಚಾರ ಮಾಡಾಕತ್ತಾರಪಾ!" ಎಂದು ಅವನು ಕೂಗಿದಾಗ ಎದುರಾಳಿಗಳೂ ನಕ್ಕರು. ಸೀಟಿ ಊದುವ ಅಜ್ಜ ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು. ಚೆಂಡು ಕಾಣದಷ್ಟು ಮಬ್ಬಾದ ಮೇಲೇ ಆಟ ನಿಂತದ್ದು. ಸೋತೆವೋ ಗೆದ್ದೆವೋ, ಈಗ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಈಗಲೂ ಸೈಕಲ್ಲಿನಲ್ಲಿ ಆ ದಾರಿ ಹಿಡಿದರೆ ಮೈದಾನದ ಹತ್ತಿರ ಪೆಡಲು ನಿಲ್ಲಿಸುತ್ತೇನೆ. ಹುಡುಗರು ಆಡುತ್ತಿರುತ್ತಾರೆ, ಒಳ್ಳೆಯ ಆಟವನ್ನೇ. ಕೂಗುವುದು ಮರಾಠಿಯಲ್ಲಿ. ಆದರೂ ಬಲಗಡೆಯ ಮೂಲೆಯಿಂದ "ಬಂದ್ನೋ, ಬಂದ್ನೋ!" ಎಂಬ ಒಂದು ದನಿಗಾಗಿ ಕಿವಿ ಸುಮ್ಮನೆ ಕಾಯುತ್ತದೆ.

ಆ ಆಟದ ಮರುದಿನ, ಸೋಮವಾರ ಬೆಳಗ್ಗೆ, ಚೆಂಡಿಗೆ ಬಿಳಿಮಣ್ಣು ಬಳಿದೆ. ಮಂಗಳವಾರ ಕಚೇರಿಯಿಂದ ಕಚೇರಿಗೆ ಹೊತ್ತುಕೊಂಡು ತಿರುಗಿ ಹೆಸರು ಬರೆಸಿದೆ: ನಾನೂ ಸೇರಿ ಹತ್ತು ಮಂದಿ ಆಟಗಾರರು, ಸೀಟಿಯ ಅಜ್ಜ. ಕನ್ನಡ, ಮರಾಠಿಯವರ ಮೋಡಿ ಲಿಪಿ, ಇಂಗ್ಲಿಷ್, ಯಾರಿಗೆ ಯಾವುದು ಬಂದರೆ ಅದು. ಬರೆದದ್ದು ಕಚೇರಿಯ ಕಾಪಿಂಗ್ ಪೆನ್ಸಿಲಿನಿಂದ. ಆ ಪೆನ್ಸಿಲು ಒಣಗಿದ್ದಾಗ ಬರೀ ಬೂದಿ ಬಣ್ಣ. ಒದ್ದೆಯಾದರೆ ನೇರಳೆಗೆ ತಿರುಗಿ ಜನ್ಮದಲ್ಲಿ ಅಳಿಸದು. ಅದಕ್ಕೇ ಗುಮಾಸ್ತರು ಮೊನೆಯನ್ನು ನಾಲಿಗೆಗೆ ಮುಟ್ಟಿಸಿ ಬರೆಯುವುದು. ಆದರೆ ಹನ್ನೊಂದು ಬಾಯಿ ತಿರುಗುವ ಪೆನ್ಸಿಲನ್ನು ಯಾರು ನೆಕ್ಕುತ್ತಾರೆ? ಮಡಿಯವರೂ ನೆಕ್ಕಲಿಲ್ಲ, ಮೈಲಿಗೆಯವರೂ ನೆಕ್ಕಲಿಲ್ಲ. ಎಲ್ಲರೂ ಒಣ ಪೆನ್ಸಿಲಿನಲ್ಲೇ ಬರೆದರು.

ಬುಧವಾರ ಬೆಳಗ್ಗೆ ಅವನ ಗಾಡಿ. ಪುಣೆಯಿಂದ ಮುಂಬೈ, ಅಲ್ಲಿಂದ ಹಡಗು. ಸ್ಟೇಷನ್ನಿಗೆ ಹೊರಡುವ ಮುನ್ನ ಚೆಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೂದಿ ಬಣ್ಣದ ಹೆಸರುಗಳು. ಟ್ರಂಕಿನಲ್ಲಿ ಉರುಳಾಡಿ, ಸಮುದ್ರದ ಗಾಳಿಗೆ ಸಿಕ್ಕಿ, ಕರಾಚಿ ಮುಟ್ಟುವಷ್ಟರಲ್ಲಿ ಏನು ಉಳಿದೀತು? ಹದಿನೆಂಟು ವರ್ಷದ ಗುಮಾಸ್ತಗಿರಿ ಉತ್ತರ ಹೇಳಿತು: ಒದ್ದೆ ಮಾಡು, ಪಕ್ಕಾ ಆಗುತ್ತದೆ.

"ಸುಮ್ನ ಇರ್ರಿ, ಚೊಲೋ ಅದ," ಎಂದಳು ಹೆಂಡತಿ, ಒಲೆಯ ಮುಂದಿನಿಂದ.

ಹಸಿಬಟ್ಟೆ ತಂದು ಒಂದೇ ಸಲ, ಭಾಳ ನಾಜೂಕಾಗಿ, ಚೆಂಡಿನ ಸುತ್ತ ಸವರಿದೆ. ಕಾಗದ ನೀರು ಕುಡಿಯುತ್ತದೆ, ಬಿಳಿಮಣ್ಣು ಕರಗುತ್ತದೆ. ಅದು ನನಗೆ ಹೊಳೆದದ್ದು ಹೆಸರುಗಳೆಲ್ಲ ಒಂದರೊಳಗೊಂದು ಹರಿದ ಮೇಲೆ.

ಮತ್ತೆ ಬರೆಸಲು ಹೊತ್ತಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಚೆಂಡು ಕಟ್ಟಿದ್ದ ಗಂಟು ಬಿಚ್ಚಿ, ಮಾಡಿದ್ದನ್ನು ಹೇಳಿ, ಕೈಯಲ್ಲಿಟ್ಟೆ. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಬದನೆಕಾಯಿಯಂತಾಗಿದ್ದ ಚೆಂಡನ್ನು ತಿರುಗಿಸಿ, ತಿರುಗಿಸಿ ನೋಡಿದ.

"ಇದರಾಗ ನಿಂದು ಯಾವುದೋ?"

ನನಗೂ ಗೊತ್ತಿರಲಿಲ್ಲ. ಒಂದು ಕಡೆ ಬೆರಳಿಟ್ಟು "ಇದು" ಎಂದೆ.

ಅವನು ಅಲ್ಲಿ ಹೆಬ್ಬೆರಳು ಊರಿ, ಹಾಗೇ ಹಿಡಿದುಕೊಂಡು ಗಾಡಿ ಹತ್ತಿದ.